ಸಾಂಕ್ರಾಮಿಕದ ಕಾಲದಲ್ಲಿ ಪಶುವೈದ್ಯ ವಿದ್ಯಾರ್ಥಿಗಳ ಕ್ಲಿನಿಕಲ್ ತರಬೇತಿ: ಯಾವ ಕೌಶಲಕ್ಕೆ ಯಾವ ದಾರಿ?

2020ರ ಮಾರ್ಚ್ ಕೊನೆಯಲ್ಲಿ ದೇಶದಾದ್ಯಂತ ಲಾಕ್‌ಡೌನ್ ಜಾರಿಯಾದಾಗ ಪಶುವೈದ್ಯ ಕಾಲೇಜುಗಳು ವಿಚಿತ್ರ ಸ್ಥಿತಿಯಲ್ಲಿ ಸಿಲುಕಿದವು. ಶಿಕ್ಷಣ ಸಂಸ್ಥೆಗಳಾದ್ದರಿಂದ ಅವು ಮುಚ್ಚಬೇಕಿತ್ತು. ಅವುಗಳ ಆವರಣದಲ್ಲಿಯೇ ಇರುವ ಆಸ್ಪತ್ರೆಗಳು ಅಗತ್ಯ ಸೇವೆಯ ಪಟ್ಟಿಗೆ ಸೇರಿದ್ದರಿಂದ ತೆರೆದಿರಬೇಕಿತ್ತು. ತಿಂಗಳು ತುಂಬಿದ ಹಸು ಕರು ಹಾಕುವುದನ್ನು ಮುಂದೂಡುವುದಿಲ್ಲ, ಹೊಟ್ಟೆಯುಬ್ಬರ ಬಂದ ಎತ್ತು ಸರ್ಕಾರಿ ಆದೇಶಕ್ಕೆ ಕಾಯುವುದಿಲ್ಲ. ಹೀಗಾಗಿ ರೋಗಿಗಳು ಬರುತ್ತಿದ್ದರು, ವೈದ್ಯರೂ ಇದ್ದರು, ಕಲಿಯಬೇಕಾದವರು ಮಾತ್ರ ತಮ್ಮ ತಮ್ಮ ಊರುಗಳಲ್ಲಿದ್ದರು.

ಇಂಥ ಪರಿಸ್ಥಿತಿ ಮತ್ತೆ ಬಂದರೆ ಏನು ಮಾಡಬೇಕೆಂಬ ಪ್ರಶ್ನೆಯನ್ನು ಈಗ, ಬಿಡುವಿರುವಾಗ, ಯೋಚಿಸಿಟ್ಟುಕೊಳ್ಳುವುದು ಒಳ್ಳೆಯದು. ಕ್ಲಿನಿಕಲ್ ತರಬೇತಿಯನ್ನು ಮುಂದೂಡುವುದು, ಆನ್‌ಲೈನ್ ಕೇಸ್ ಚರ್ಚೆಗೆ ಬದಲಿಸುವುದು, ಪ್ರಾಣಿಯ ಬದಲು ಮಾದರಿಗಳ ಮೇಲೆ ಅಭ್ಯಾಸ ಮಾಡಿಸುವುದು, ಸಣ್ಣ ಗುಂಪುಗಳನ್ನು ಸರದಿಯ ಮೇಲೆ ಕಾಲೇಜು ಆಸ್ಪತ್ರೆಗೆ ಕರೆಸುವುದು, ಇಲ್ಲವೇ ಪ್ರತಿಯೊಬ್ಬರನ್ನೂ ಅವರವರ ತಾಲ್ಲೂಕಿನ ಪಶು ಆಸ್ಪತ್ರೆಗೆ ನಿಯೋಜಿಸುವುದು ಎಂಬ ಐದು ದಾರಿಗಳು ಸಾಮಾನ್ಯವಾಗಿ ಚರ್ಚೆಗೆ ಬರುತ್ತವೆ. ಇವುಗಳಲ್ಲಿ ಯಾವುದು ಉತ್ತಮ ಎಂದು ಒಟ್ಟಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ಕೌಶಲಕ್ಕೆ ಯಾವುದು ಉತ್ತಮ ಎಂದು ಕೇಳಬೇಕು. ಕಾಲೇಜಿನ ಬೋಧಕರನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ. ಇಂಟರ್ನ್‌ಶಿಪ್ ಎಲ್ಲಿ ಮಾಡಬೇಕೆಂದು ತೀರ್ಮಾನಿಸಬೇಕಾದ ವಿದ್ಯಾರ್ಥಿಗಳಿಗೂ ಉಪಯೋಗವಾಗಬಹುದು.

ಮೊದಲು ಕೌಶಲಗಳ ವಿಂಗಡಣೆ

ಭಾರತೀಯ ಪಶುವೈದ್ಯ ಪರಿಷತ್ತಿನ 2016ರ ಕನಿಷ್ಠ ಮಾನದಂಡಗಳ ಪ್ರಕಾರ ಪಶುವೈದ್ಯರಾಗಲು ಬೇಕಾದ ಬಿ.ವಿ.ಎಸ್‌ಸಿ. ಮತ್ತು ಎ.ಎಚ್. ಪದವಿ ಐದೂವರೆ ವರ್ಷಗಳದ್ದು. ಅದರಲ್ಲಿ ಕೊನೆಯ ಒಂದು ವರ್ಷ ಕಡ್ಡಾಯ ಇಂಟರ್ನ್‌ಶಿಪ್. ಕಾಲೇಜಿನ ಚಿಕಿತ್ಸಾ ಸಂಕೀರ್ಣದಲ್ಲಿ ಕೆಲಸ ಮಾಡಿದ ಗಂಟೆಗಳನ್ನು, ದಾಟಿದ ವಿಭಾಗಗಳನ್ನು ಎಣಿಸುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಸಾಂಕ್ರಾಮಿಕ ಬಂದಾಗ ಗಂಟೆಗಳು ಕಡಿಮೆಯಾಗುತ್ತವೆ. ಆಗ ಗಂಟೆಗಳನ್ನು ಹೇಗೆ ತುಂಬಿಸಬೇಕೆಂಬ ಚಿಂತೆ ಶುರುವಾಗುತ್ತದೆಯೇ ಹೊರತು, ವಿದ್ಯಾರ್ಥಿಗೆ ಯಾವ ಕೆಲಸ ಮಾಡಲು ಬರಬೇಕೆಂಬ ಚಿಂತೆ ಹಿಂದೆ ಬೀಳುತ್ತದೆ. ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯು ಪದವಿ ಪಡೆದ ಮೊದಲ ದಿನವೇ ಪಶುವೈದ್ಯರಿಗೆ ಇರಬೇಕಾದ ಸಾಮರ್ಥ್ಯಗಳ ಬಗ್ಗೆ 2012ರಲ್ಲಿ ಶಿಫಾರಸುಗಳನ್ನು ಪ್ರಕಟಿಸಿತು. ಅಮೆರಿಕದ ಪಶುವೈದ್ಯ ಕಾಲೇಜುಗಳ ಸಂಘ 2018ರಲ್ಲಿ ಸಾಮರ್ಥ್ಯ ಆಧಾರಿತ ಶಿಕ್ಷಣದ ಚೌಕಟ್ಟೊಂದನ್ನು ಹೊರತಂದಿತು. ಎರಡನ್ನೂ ಹಾಗೆಯೇ ಎತ್ತಿ ತರಬೇಕಾಗಿಲ್ಲ. ಆದರೆ ಗಂಟೆಗಳ ಬದಲು ಕೆಲಸಗಳನ್ನು ಪಟ್ಟಿ ಮಾಡುವ ಕ್ರಮವನ್ನು ಅವುಗಳಿಂದ ಪಡೆಯಬಹುದು.

ಹಾಗೆ ಪಟ್ಟಿ ಮಾಡಿದರೆ ಕೆಲಸಗಳು ತಾವಾಗಿಯೇ ಮೂರು ಬಗೆಯಾಗಿ ಬೇರ್ಪಡುತ್ತವೆ. ಕಣ್ಣು, ಕಿವಿ, ಬುದ್ಧಿಗಳಿಂದ ಆಗುವ ಕೆಲಸಗಳು ಮೊದಲನೆಯ ಬಗೆ: ರೈತರಿಂದ ರೋಗದ ವಿವರ ಕೇಳುವುದು, ಸಂಭವನೀಯ ರೋಗಗಳನ್ನು ಸಾಲಾಗಿ ಯೋಚಿಸುವುದು, ರಕ್ತದ ವರದಿ ಅಥವಾ ಎಕ್ಸ್‌ರೇ ಓದುವುದು, ಔಷಧದ ಪ್ರಮಾಣ ಲೆಕ್ಕ ಹಾಕುವುದು, ಔಷಧ ಕೊಟ್ಟ ಮೇಲೆ ಹಾಲನ್ನು ಎಷ್ಟು ದಿನ ಡೇರಿಗೆ ಹಾಕಬಾರದೆಂದು ತಿಳಿಸುವುದು. ಎರಡನೆಯದು ಕೈಗೆ ರೂಢಿಯಾಗಬೇಕಾದ, ಆದರೆ ಜೀವಂತ ಪ್ರಾಣಿಯೇ ಬೇಕೆಂದಿಲ್ಲದ ಕೆಲಸಗಳು: ಹೊಲಿಗೆ ಹಾಕುವುದು, ಗಂಟು ಕಟ್ಟುವುದು, ಕೈತೊಳೆದು ಗ್ಲೌಸ್ ತೊಡುವುದು, ಸಲಕರಣೆ ಹಿಡಿಯುವುದು, ಹಸುವನ್ನು ಕೆಡವುವ ಹಗ್ಗದ ಕಟ್ಟು ಕಲಿಯುವುದು, ಸೂಕ್ಷ್ಮದರ್ಶಕದಲ್ಲಿ ನೋಡಲು ಗಾಜಿನ ಮೇಲೆ ರಕ್ತದ ತೆಳು ಲೇಪ (ಸ್ಮಿಯರ್) ಮಾಡುವುದು. ಮೂರನೆಯದು ಜೀವಂತ ಪ್ರಾಣಿಯ ಮೈಮೇಲೆ ಮಾತ್ರ ಕಲಿಯಬಹುದಾದದ್ದು. ಗುದನಾಳದೊಳಗೆ ಕೈಹಾಕಿ ಮಾಡುವ ಗಬ್ಬದ ತಪಾಸಣೆ, ಅಡ್ಡ ತಿರುಗಿದ ಕರುವನ್ನು ಸರಿಪಡಿಸಿ ಎಳೆಯುವುದು, ಹಾಲು ಜ್ವರದಿಂದ ಮಲಗಿದ ಹಸುವಿಗೆ ಎದೆಬಡಿತ ಆಲಿಸುತ್ತಲೇ ಕ್ಯಾಲ್ಸಿಯಂ ನಿಧಾನವಾಗಿ ನರಕ್ಕೆ ಕೊಡುವುದು, ಬೆದರಿದ ಎಮ್ಮೆಯ ಪಕ್ಕದಲ್ಲಿ ಎಲ್ಲಿ ನಿಲ್ಲಬೇಕೆಂದು ತಿಳಿಯುವುದು ಈ ಬಗೆಗೆ ಸೇರುತ್ತವೆ.

ಮೂರನೆಯ ಬಗೆಯ ಪಟ್ಟಿ ನಾವು ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿರುತ್ತದೆ ಎಂಬುದೇ ಈ ವಿಂಗಡಣೆಯಿಂದ ಸಿಗುವ ದೊಡ್ಡ ಲಾಭ. ಸಾಂಕ್ರಾಮಿಕದ ಕಾಲದಲ್ಲಿ ಪ್ರಾಣಿಯ ಮುಂದೆ ನಿಲ್ಲುವ ಸಮಯವೇ ಅತಿ ದುರ್ಲಭವಾದದ್ದು. ಆ ಸಮಯವನ್ನು ವಿವರ ಕೇಳುವುದಕ್ಕೋ ರಿಜಿಸ್ಟರ್ ಬರೆಯುವುದಕ್ಕೋ ಖರ್ಚು ಮಾಡದೆ ಈ ಮೂರನೆಯ ಪಟ್ಟಿಗೆ ಮಾತ್ರ ಮೀಸಲಿಡಬೇಕು. ಮುಂದಿನ ಹೋಲಿಕೆಯೆಲ್ಲ ಈ ನಿಯಮದ ಮೇಲೆಯೇ ನಿಂತಿದೆ.

ಮುಂದೂಡುವುದು

ಇದು ಅತ್ಯಂತ ಸುಲಭದ ದಾರಿ, ಆದ್ದರಿಂದ ಎಲ್ಲರೂ ಮೊದಲು ಹಿಡಿಯುವ ದಾರಿ. ಮೊದಲ ಎರಡು ಮೂರು ವಾರ, ರೋಗ ಹೇಗೆ ಹರಡುತ್ತದೆಂಬುದೇ ತಿಳಿಯದಿರುವಾಗ, ಇದಕ್ಕಿಂತ ಜವಾಬ್ದಾರಿಯುತವಾದ ತೀರ್ಮಾನ ಬೇರೆ ಇಲ್ಲ. ಅದಾದ ಮೇಲೆ ಮುಂದೂಡಿಕೆಯ ಬೆಲೆ ಏರುತ್ತಾ ಹೋಗುತ್ತದೆ. ಒಂದು ತಂಡ ಹೊರಹೋಗುವಷ್ಟರಲ್ಲಿ ಮುಂದಿನ ತಂಡ ಕ್ಲಿನಿಕ್ಕಿಗೆ ಬರಬೇಕಾಗಿರುತ್ತದೆ. ಎರಡೂ ತಂಡದವರು ಒಂದೇ ಟ್ರೆವಿಸ್‌ನ (ದನವನ್ನು ಅಲುಗದಂತೆ ನಿಲ್ಲಿಸುವ ಚೌಕಟ್ಟಿನ) ಮುಂದೆ ನಿಂತರೆ ಎರಡೂ ತಂಡಗಳ ತರಬೇತಿ ಅರ್ಧಕ್ಕೆ ಇಳಿಯುತ್ತದೆ. ಪದವಿ ತಡವಾದಂತೆ ಇಲಾಖೆಯ ನೇಮಕಾತಿ, ಸ್ನಾತಕೋತ್ತರ ಪ್ರವೇಶ ಎಲ್ಲವೂ ತಡವಾಗುತ್ತವೆ. ಮುಂದೂಡುವುದಾದರೆ ಇಡೀ ಕೋರ್ಸನ್ನು ಮುಂದೂಡದೆ ಮೂರನೆಯ ಪಟ್ಟಿಯಲ್ಲಿರುವ ಕೆಲಸಗಳನ್ನು ಮಾತ್ರ ಮುಂದೂಡಿ, ಉಳಿದದ್ದನ್ನು ಬೇರೆ ದಾರಿಗಳಲ್ಲಿ ಮುಗಿಸಿಡುವುದು ಸರಿ.

ಆನ್‌ಲೈನ್ ಕೇಸ್ ಚರ್ಚೆ

ಆನ್‌ಲೈನ್ ಎಂದೊಡನೆ ಉಪನ್ಯಾಸವನ್ನು ಕ್ಯಾಮೆರಾದ ಮುಂದೆ ಓದುವುದು ಎಂದುಕೊಳ್ಳುವವರು ಈಗಲೂ ಇದ್ದಾರೆ. ಕ್ಲಿನಿಕಲ್ ತರಬೇತಿಯ ಮಟ್ಟಿಗೆ ಅದರಿಂದ ಪ್ರಯೋಜನವಿಲ್ಲವೆಂದೇ ಹೇಳಬೇಕು. ಉಪಯೋಗಕ್ಕೆ ಬರುವ ರೂಪ ಬೇರೆ: ಏಳೆಂಟು ವಿದ್ಯಾರ್ಥಿಗಳ ಗುಂಪು, ಆಸ್ಪತ್ರೆಗೆ ನಿಜವಾಗಿಯೂ ಬಂದ ಒಂದು ಕೇಸ್, ಮತ್ತು ಮಾಹಿತಿಯನ್ನು ಕೇಳಿದಷ್ಟೇ ಬಿಟ್ಟುಕೊಡುವ ಬೋಧಕರು. ಹಸು ಎರಡು ದಿನದಿಂದ ಮೇವು ಬಿಟ್ಟಿದೆ ಎಂಬಷ್ಟನ್ನೇ ಮೊದಲು ಹೇಳಬೇಕು. ಇದು ಎಷ್ಟನೆಯ ಸೂಲು, ಕರು ಹಾಕಿ ಎಷ್ಟು ದಿನವಾಯಿತು, ಮೆಲುಕು ಹಾಕುತ್ತಿದೆಯೇ, ಸಗಣಿ ಹೇಗಿದೆ, ಮೇವು ಬದಲಾಯಿತೇ ಎಂದು ವಿದ್ಯಾರ್ಥಿ ಕೇಳಿದರೆ ಮಾತ್ರ ಉತ್ತರ. ಕೇಳದಿದ್ದರೆ ಆ ಮಾಹಿತಿ ಇಲ್ಲ. ಯಾವ ಪರೀಕ್ಷೆ ಬೇಕೆಂದು ಕೇಳಿದಾಗ ಅದರ ಖರ್ಚನ್ನೂ ಹೇಳಬೇಕು, ಏಕೆಂದರೆ ರೈತರ ಮುಂದೆ ನಿಂತಾಗ ಆ ಲೆಕ್ಕ ತಪ್ಪಿಸಿಕೊಳ್ಳಲಾಗದು. ಹೀಗೆ ನಡೆಸಿದರೆ ಮಾಮೂಲಿ ದಿನಗಳಲ್ಲಿ ಹತ್ತು ಹದಿನೈದು ಜನ ಹಸುವಿನ ಸುತ್ತ ನಿಂತು ಮುಂದಿನ ಇಬ್ಬರು ಮಾತ್ರ ಯೋಚಿಸುವ ಕ್ಲಿನಿಕ್ಕಿಗಿಂತ ಹೆಚ್ಚು ಕಲಿಕೆ ಇಲ್ಲಿ ಆಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲನೆಯ ಬಗೆಯ ಕೌಶಲಗಳಿಗೆ ಇದು ಬರೀ ತಾತ್ಕಾಲಿಕ ಪರ್ಯಾಯವಲ್ಲ, ಸಾಂಕ್ರಾಮಿಕ ಇಲ್ಲದಾಗಲೂ ಇದೇ ಸರಿಯಾದ ದಾರಿ.

ದೂರವಾಣಿಯಲ್ಲಿ ವಿವರ ಕೇಳುವುದೂ ಇದರೊಂದಿಗೆ ಸೇರಬೇಕು. 2020ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಪಶುವೈದ್ಯ ವೃತ್ತಿಯ ನಿಯಂತ್ರಣ ಸಂಸ್ಥೆಯಾದ ರಾಯಲ್ ಕಾಲೇಜ್ ಆಫ್ ವೆಟರ್ನರಿ ಸರ್ಜನ್ಸ್ ಪ್ರಾಣಿಯನ್ನು ಮುಟ್ಟಿ ನೋಡದೆಯೇ ಔಷಧ ಬರೆದುಕೊಡಲು ತಾತ್ಕಾಲಿಕ ಅನುಮತಿ ನೀಡಿತು. ಅಮೆರಿಕದಲ್ಲಿಯೂ ಅದೇ ತಿಂಗಳು ಆಹಾರ ಮತ್ತು ಔಷಧ ಆಡಳಿತವು ಈ ಸಂಬಂಧದ ತನ್ನ ಕೆಲವು ನಿಯಮಗಳ ಜಾರಿಯನ್ನು ಸಡಿಲಿಸಿತು. ನಮ್ಮಲ್ಲಿ ಅನುಮತಿಯ ಪ್ರಶ್ನೆಗಿಂತ ಮೊದಲೇ ಹಳ್ಳಿಗಳ ರೈತರು ತಮ್ಮ ಪಶುವೈದ್ಯರಿಗೆ ಫೋನ್ ಮಾಡಿ ಸಲಹೆ ಕೇಳುವುದು ನಡೆದೇ ಇದೆ. ಆ ಕರೆಯಲ್ಲಿ ಯಾವುದು ಸಂಜೆಯವರೆಗೆ ಕಾಯಬಹುದು, ಯಾವುದಕ್ಕೆ ಈಗಲೇ ಓಡಬೇಕು ಎಂದು ತೀರ್ಮಾನಿಸುವುದು ಕಲಿಸಿದರೆ ಬರುವ ವಿದ್ಯೆ. ಎಡಪಕ್ಕೆ ಉಬ್ಬಿ ಉಸಿರು ಕಟ್ಟುತ್ತಿರುವ ಹಸುವನ್ನೂ ನಿನ್ನೆಯಿಂದ ಸ್ವಲ್ಪ ಮಂಕಾಗಿರುವ ಹಸುವನ್ನೂ ಮಾತಿನಲ್ಲಿಯೇ ಬೇರ್ಪಡಿಸಲು ಬಾರದವರಿಗೆ ಮುಂದೆ ಪ್ರತಿ ರಾತ್ರಿಯೂ ಕಷ್ಟವೇ.

ಇದರ ಮಿತಿಗಳೂ ಸ್ಪಷ್ಟ. ಬೀದರ್ ಜಿಲ್ಲೆಯ ತಾಂಡಾದಲ್ಲಿಯೋ ಮಲೆನಾಡಿನ ಕಾಡಂಚಿನ ಮನೆಯಲ್ಲಿಯೋ ಇರುವ ವಿದ್ಯಾರ್ಥಿಗೆ ವಿಡಿಯೊ ಕರೆ ಸಿಗುವುದೇ ಇಲ್ಲ. ಆದ್ದರಿಂದ ಕೇಸಿನ ಚಿತ್ರಗಳನ್ನೂ ಕುಂಟುವ ಹಸುವಿನ ನಡಿಗೆಯಂಥ ಚಿಕ್ಕ ವಿಡಿಯೊಗಳನ್ನೂ ಹಿಂದಿನ ರಾತ್ರಿಯೇ ಕಳುಹಿಸಿ, ಚರ್ಚೆಯನ್ನು ಬರೀ ಧ್ವನಿ ಕರೆಯಲ್ಲಿ ನಡೆಸುವ ವ್ಯವಸ್ಥೆ ಇರಲೇಬೇಕು. ಇನ್ನು, ವಿಡಿಯೊದಲ್ಲಿ ಗಬ್ಬದ ತಪಾಸಣೆ ನೋಡಿದವರು ಅದನ್ನು ಕಲಿತರೆಂದು ಬರೆದುಕೊಳ್ಳುವುದು ವಿದ್ಯಾರ್ಥಿಗೂ ಹಸುವಿಗೂ ಮಾಡುವ ಅನ್ಯಾಯ.

ಮಾದರಿಗಳ ಮೇಲಿನ ಅಭ್ಯಾಸ

ಎರಡನೆಯ ಬಗೆಯ ಕೌಶಲಗಳಿಗೆ ಇದು ಸೂಕ್ತ. ಹೊಲಿಗೆಯ ಅಭ್ಯಾಸಕ್ಕೆ ದುಬಾರಿ ಸಿಲಿಕಾನ್ ಹಾಳೆಯೇ ಬೇಕೆಂದಿಲ್ಲ. ಸ್ಪಂಜಿನ ಮೇಲೆ ಬಿಗಿದ ರೆಕ್ಸಿನ್ ಅಥವಾ ದಪ್ಪ ಬಟ್ಟೆ ಸಾಕು. ಸೂಜಿ ಹಿಡಿಯುವ ಇಕ್ಕಳ, ಫೋರ್ಸೆಪ್ಸ್, ಕತ್ತರಿ, ಅವಧಿ ಮೀರಿದ ಒಂದಿಷ್ಟು ಹೊಲಿಗೆ ದಾರ ಇರುವ ಕಿಟ್ಟನ್ನು ಅಂಚೆಯಲ್ಲಿ ಮನೆಗೆ ಕಳುಹಿಸಬಹುದು. ವಿದ್ಯಾರ್ಥಿ ತನ್ನ ಎರಡು ಕೈಗಳನ್ನು ಮಾತ್ರ ಚಿತ್ರೀಕರಿಸಿ ವಾರಕ್ಕೊಂದು ವಿಡಿಯೊ ಕಳುಹಿಸಬೇಕು, ಬೋಧಕರು ಅದರ ಮೇಲೆ ನಿರ್ದಿಷ್ಟವಾಗಿ ಬರೆಯಬೇಕು. ಈ ಎರಡನೆಯ ಭಾಗ ಇಲ್ಲದಿದ್ದರೆ ತಪ್ಪು ಗಂಟೇ ಕೈಗೆ ರೂಢಿಯಾಗುತ್ತದೆ, ಆಮೇಲೆ ಬಿಡಿಸುವುದು ಕಷ್ಟ.

ಗಬ್ಬದ ತಪಾಸಣೆಗೂ ಮಾದರಿಗಳಿವೆ. ಬ್ರಿಟನ್ನಿನ ಪಶುವೈದ್ಯೆ ಸಾರಾ ಬೈಲಿ ಅವರು ಈ ಶತಮಾನದ ಆರಂಭದಲ್ಲಿ ರೂಪಿಸಿದ ಸ್ಪರ್ಶಾನುಭವದ ಕಂಪ್ಯೂಟರ್ ಮಾದರಿಯಲ್ಲಿ ತರಬೇತಿ ಪಡೆದವರು ಮೊದಲ ಸಲ ಹಸುವಿನೊಳಗೆ ಕೈಹಾಕಿದಾಗ ಗರ್ಭಕೋಶವನ್ನು ಗುರುತಿಸುವಲ್ಲಿ ಉಳಿದವರಿಗಿಂತ ಮುಂದಿದ್ದರೆಂದು ಅವರ ಅಧ್ಯಯನ ತೋರಿಸಿತು. ಇದರ ಅರ್ಥವನ್ನು ಸರಿಯಾಗಿ ಗ್ರಹಿಸಬೇಕು. ಮಾದರಿಯು ಹಸುವಿನ ಸ್ಥಾನವನ್ನು ತುಂಬುವುದಿಲ್ಲ. ಹಸುವಿನ ಮುಂದಿನ ಮೊದಲ ಕೆಲವು ವ್ಯರ್ಥ ಪ್ರಯತ್ನಗಳನ್ನು ಉಳಿಸುತ್ತದೆ. ಹೊಸಬರ ಒರಟು ಕೈಯಿಂದ ಒಂದೇ ಹಸುವಿನ ಗುದನಾಳಕ್ಕೆ ಮತ್ತೆ ಮತ್ತೆ ಪೆಟ್ಟಾಗುತ್ತದೆ, ಗ್ಲೌಸಿನಲ್ಲಿ ರಕ್ತ ಕಂಡೊಡನೆ ಆ ಹಸುವನ್ನು ಬಿಡಲೇಬೇಕು. ಹಾಗಾಗಿ ಆ ಉಳಿತಾಯ ಸಣ್ಣದಲ್ಲ.

ಕಸಾಯಿಖಾನೆಯಿಂದ ತಂದ ಅಂಗಗಳ ಮೇಲಿನ ಅಭ್ಯಾಸವನ್ನು ವಿದೇಶದ ಕೈಪಿಡಿಗಳು ಸಲೀಸಾಗಿ ಶಿಫಾರಸು ಮಾಡುತ್ತವೆ. ಕರ್ನಾಟಕದಲ್ಲಿ 2021ರ ಆರಂಭದಲ್ಲಿ ಜಾರಿಗೆ ಬಂದ ಜಾನುವಾರು ಹತ್ಯೆ ಪ್ರತಿಬಂಧಕ ಕಾನೂನಿನಡಿ ಹಸು, ಎತ್ತು, ಕರುಗಳ ವಧೆಗೆ ಅವಕಾಶವಿಲ್ಲ. 13 ವರ್ಷ ಮೀರಿದ ಎಮ್ಮೆ, ಕೋಣಗಳಿಗೆ ಮಾತ್ರ ವಿನಾಯಿತಿಯಿದೆ. ಆದ್ದರಿಂದ ಇಲ್ಲಿನ ಯೋಜನೆ ಕುರಿ, ಮೇಕೆಗಳ ಅಂಗಗಳನ್ನೂ ಸಹಜವಾಗಿ ಸತ್ತ ಜಾನುವಾರುಗಳ ಮರಣೋತ್ತರ ಪರೀಕ್ಷೆಯನ್ನೂ ಆಧರಿಸಬೇಕು. ಕುರಿಯ ಕರುಳು ಹೊಲಿಗೆ ಕಲಿಯಲು ಉತ್ತಮ. ಹಸುವಿನ ಗರ್ಭಕೋಶದ ಅಂದಾಜು ಅದರಿಂದ ಸಿಗುವುದಿಲ್ಲ. ಅದಕ್ಕಾಗಿ ಸತ್ತ ಹಸುಗಳಿಂದ ತೆಗೆದು ಫಾರ್ಮಲಿನ್‌ನಲ್ಲಿ ಅಥವಾ ಡೀಪ್ ಫ್ರೀಜರ್‌ನಲ್ಲಿ ಕಾಪಿಟ್ಟ ಅಂಗಗಳನ್ನು ಮಾಮೂಲಿ ದಿನಗಳಲ್ಲಿಯೇ ಕೂಡಿಟ್ಟುಕೊಂಡಿರಬೇಕು. ರೋಗ ಬಂದ ಮೇಲೆ ಹುಡುಕಲು ಹೊರಟರೆ ಸಿಗುವುದಿಲ್ಲ.

ಸಣ್ಣ ಗುಂಪುಗಳ ಸರದಿ

ವಿದ್ಯಾರ್ಥಿಗಳನ್ನು ಐದಾರು ಜನರ ಗುಂಪುಗಳಾಗಿ ಒಡೆದು, ಗುಂಪಿನಿಂದ ಗುಂಪಿಗೆ ಬೆರಕೆಯಾಗದಂತೆ ನೋಡಿಕೊಂಡು, ಕಾಲೇಜು ಆಸ್ಪತ್ರೆಯಲ್ಲಿ ಪಾಳಿ ಹಾಕುವ ಕ್ರಮವನ್ನು ಹಲವು ದೇಶಗಳ ಕಾಲೇಜುಗಳು ಅನುಸರಿಸಿದವು. ಕಲಿಕೆಯ ಗುಣಮಟ್ಟದಲ್ಲಿ ಇದಕ್ಕೆ ಸಾಟಿಯಿಲ್ಲ: ಬೋಧಕರು ಎದುರಿಗಿರುತ್ತಾರೆ, ಪ್ರಯೋಗಾಲಯ, ಎಕ್ಸ್‌ರೇ, ಸ್ಕ್ಯಾನಿಂಗ್ ಒಂದೇ ಆವರಣದಲ್ಲಿರುತ್ತವೆ, ಗುಂಪು ಚಿಕ್ಕದಾದ್ದರಿಂದ ಪ್ರತಿಯೊಬ್ಬರ ಕೈಗೂ ಕೆಲಸ ಸಿಗುತ್ತದೆ. ತೊಂದರೆ ಇರುವುದು ಲೆಕ್ಕದಲ್ಲಿ. ಅರವತ್ತು ಜನರ ತಂಡವನ್ನು ಆರಾರು ಜನರ ಹತ್ತು ಗುಂಪು ಮಾಡಿ ವಾರಕ್ಕೊಂದು ಗುಂಪನ್ನು ಕರೆಸಿದರೆ ಒಬ್ಬ ವಿದ್ಯಾರ್ಥಿಗೆ ಹತ್ತು ವಾರಕ್ಕೊಮ್ಮೆ ಸರದಿ ಬರುತ್ತದೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮೂರು ಪಾಳಿ ಮಾಡಿದರೆ ಆ ಅಂತರ ಮೂರು ನಾಲ್ಕು ವಾರಕ್ಕೆ ಇಳಿಯುತ್ತದೆ, ಆದರೆ ಮೂರು ಪಾಳಿಗೂ ಬೋಧಕರು ಬೇಕು. ರಾತ್ರಿ ಪಾಳಿಯನ್ನು ಶಿಕ್ಷೆಯೆಂದು ಭಾವಿಸಬೇಕಾಗಿಲ್ಲ. ಕಷ್ಟದ ಹೆರಿಗೆಗಳು ಗಡಿಯಾರ ನೋಡಿ ಬರುವುದಿಲ್ಲ, ಹಗಲಿನ ವೇಳಾಪಟ್ಟಿಯಲ್ಲಿ ಓದಿದ ಎಷ್ಟೋ ವಿದ್ಯಾರ್ಥಿಗಳು ಒಂದೇ ಒಂದು ಅಂಥ ಹೆರಿಗೆಯನ್ನೂ ನೋಡದೆ ಪದವಿ ಪಡೆಯುತ್ತಾರೆ.

ಸುರಕ್ಷತೆಯ ಚರ್ಚೆ ಸಾಮಾನ್ಯವಾಗಿ ಪರೀಕ್ಷಾ ಕೊಠಡಿಯ ಸುತ್ತಲೇ ನಡೆಯುತ್ತದೆ. ಮಾಸ್ಕ್ ತೊಟ್ಟು, ಗಾಳಿಯಾಡುವ ಶೆಡ್ಡಿನಲ್ಲಿ, ಮಾಲೀಕರನ್ನು ಹೊರಗೆ ನಿಲ್ಲಿಸಿ ದನ ನೋಡುವುದರಲ್ಲಿ ಇರುವ ಅಪಾಯ ಕಡಿಮೆ. ಹಾಸ್ಟೆಲಿನ ಊಟದ ಮನೆ, ಸಾಲು ಬಚ್ಚಲುಗಳು, ಸಂಜೆಯ ಚಹಾ, ತುಂಬಿದ ಜೀಪಿನಲ್ಲಿ ಹೊರಡುವ ಸಂಚಾರಿ ಚಿಕಿತ್ಸಾಲಯ ಇವುಗಳಲ್ಲಿಯೇ ಗುಂಪುಗಳ ಗೋಡೆ ಒಡೆಯುತ್ತದೆ. ಪಾಳಿಯ ಗುಂಪು ಒಟ್ಟಿಗೆ ಉಣ್ಣಬೇಕು, ಒಂದೇ ಸಾಲಿನ ಕೊಠಡಿಗಳಲ್ಲಿ ಮಲಗಬೇಕು. ಇದನ್ನು ವಾರ್ಡನ್ ಒಪ್ಪದಿದ್ದರೆ ಕ್ಲಿನಿಕ್ಕಿನಲ್ಲಿ ಎಷ್ಟು ಎಚ್ಚರ ವಹಿಸಿದರೂ ಫಲವಿಲ್ಲ. ಹಾಗೆಯೇ ಒಬ್ಬರೇ ಶಸ್ತ್ರಚಿಕಿತ್ಸಾ ಬೋಧಕರಿರುವ ಕಾಲೇಜಿನಲ್ಲಿ ಅವರು ಎಲ್ಲ ಗುಂಪುಗಳ ಜೊತೆಗೂ ಓಡಾಡಿದರೆ ಗುಂಪು ಮಾಡಿದ್ದಕ್ಕೆ ಅರ್ಥವಿರುವುದಿಲ್ಲ.

ಈ ದಾರಿ ಹಿಡಿಯುವ ಮುನ್ನ ಆಯಾ ಕಾಲೇಜಿಗೆ ಬರುವ ಪ್ರಾಣಿಗಳನ್ನೂ ನೋಡಬೇಕು. ಬೆಂಗಳೂರಿನ ಹೆಬ್ಬಾಳದ ಕಾಲೇಜು ಆಸ್ಪತ್ರೆಗೆ ನಗರದ ನಾಯಿ, ಬೆಕ್ಕುಗಳು ಹೆಚ್ಚು. ಹಾಸನದ ಸುತ್ತ ಮಿಶ್ರತಳಿ ಹಾಲಿನ ಹಸುಗಳು, ಬೀದರ್‌ನಲ್ಲಿ ಎಮ್ಮೆ ಮತ್ತು ದೇವಣಿ ತಳಿಯ ದನಗಳು, ಗದಗದ ಕಡೆ ಕುರಿ ಹಿಂಡುಗಳು. ಮಾಮೂಲಿ ದಿನಗಳಲ್ಲಿ ಪ್ರವಾಸ, ಶಿಬಿರಗಳ ಮೂಲಕ ಈ ಕೊರತೆ ಸರಿಹೋಗುತ್ತದೆ. ಓಡಾಟ ನಿಂತಾಗ ಹೆಬ್ಬಾಳದಲ್ಲಿಯೇ ಸರದಿ ಮುಗಿಸಿದವರು ಎಮ್ಮೆಯನ್ನು, ಗದಗದಲ್ಲಿಯೇ ಮುಗಿಸಿದವರು ಪರ್ಷಿಯನ್ ಬೆಕ್ಕನ್ನು ಮುಟ್ಟದೆ ಹೊರಬರುವ ಸಾಧ್ಯತೆಯಿದೆ.

ಸ್ವಂತ ತಾಲ್ಲೂಕಿನ ಪಶು ಆಸ್ಪತ್ರೆ

ಐದರಲ್ಲಿ ನಮ್ಮ ರಾಜ್ಯಕ್ಕೆ ಅತಿ ಹೆಚ್ಚು ಹೊಂದುವ, ಆದರೆ ಅತಿ ಕಡಿಮೆ ಗೌರವ ಪಡೆದ ದಾರಿ ಇದೆಂದು ನನಗೆ ತೋರುತ್ತದೆ. ಬ್ರಿಟನ್ನಿನಲ್ಲಿ ವಿದ್ಯಾರ್ಥಿಗಳು ಕಾಲೇಜಿನ ಹೊರಗೆ ಒಟ್ಟು 38 ವಾರ, ಅದರಲ್ಲಿ 26 ವಾರ ಚಿಕಿತ್ಸಾ ಕೇಂದ್ರಗಳಲ್ಲಿ, ಅನುಭವ ಪಡೆಯಬೇಕೆಂಬ ನಿಯಮವಿತ್ತು. 2020ರಲ್ಲಿ ಖಾಸಗಿ ಚಿಕಿತ್ಸಾಲಯಗಳು ಹೊರಗಿನವರನ್ನು ಸೇರಿಸಿಕೊಳ್ಳಲು ಆಗದೆ ಆ ನಿಯಮವನ್ನು ತಾತ್ಕಾಲಿಕವಾಗಿ ಸಡಿಲಿಸಬೇಕಾಯಿತು. ನಮ್ಮಲ್ಲಿ ಸ್ಥಿತಿ ಬೇರೆ. ಜಿಲ್ಲಾ ಪಾಲಿಕ್ಲಿನಿಕ್, ತಾಲ್ಲೂಕು ಪಶು ಆಸ್ಪತ್ರೆ, ಹೋಬಳಿ ಮಟ್ಟದ ಚಿಕಿತ್ಸಾಲಯ, ಹಳ್ಳಿಯ ಪ್ರಾಥಮಿಕ ಪಶು ಚಿಕಿತ್ಸಾ ಕೇಂದ್ರ ಎಂಬ ಸರ್ಕಾರಿ ಜಾಲ ರಾಜ್ಯದಾದ್ಯಂತ ಹರಡಿದೆ; ಹಾಲು ಒಕ್ಕೂಟಗಳು ತಮ್ಮದೇ ಪಶುವೈದ್ಯರನ್ನು ಇಟ್ಟುಕೊಂಡಿವೆ; ಈಚೆಗೆ 1962 ಸಂಖ್ಯೆಗೆ ಕರೆ ಮಾಡಿದರೆ ಮನೆ ಬಾಗಿಲಿಗೆ ಬರುವ ಸಂಚಾರಿ ಚಿಕಿತ್ಸಾ ವಾಹನಗಳೂ ಸೇರಿವೆ. ವಿದ್ಯಾರ್ಥಿ ತನ್ನ ಮನೆಯಲ್ಲಿಯೇ ಉಂಡು ಮಲಗಿ, ಹತ್ತಿರದ ಆಸ್ಪತ್ರೆಗೆ ಹೋಗಿ ಬಂದರೆ ಹಾಸ್ಟೆಲ್ ಇಲ್ಲ, ಬಸ್ಸಿಲ್ಲ, ಗುಂಪಿಲ್ಲ. ಒಬ್ಬ ಪಶುವೈದ್ಯರಿಗೆ ಒಬ್ಬನೇ ವಿದ್ಯಾರ್ಥಿ. ಬೆದೆಗೆ ಬಂದ ಹಸು, ಕೆಚ್ಚಲು ಬಾವು, ಮಾಸು ಬೀಳದ ಎಮ್ಮೆ, ಲಸಿಕೆಯ ದಿನದ ನೂರಾರು ದನಗಳು ಎಲ್ಲವೂ ಅವನ ಕೈಗೆ ಬರುತ್ತವೆ. ಮೂರನೆಯ ಪಟ್ಟಿಯ ಕೆಲಸಗಳು ಪುನರಾವರ್ತನೆಯಿಂದ ಮಾತ್ರ ಬರುವಂಥವು. ಇಲ್ಲಿ ಸಿಗುವಷ್ಟು ಪುನರಾವರ್ತನೆ ಕಾಲೇಜು ಆಸ್ಪತ್ರೆಯಲ್ಲಿ ಸಿಗುವುದಿಲ್ಲ.

ವಿರೋಧಿಸುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಕೆಲಸದ ಒತ್ತಡದಲ್ಲಿರುವ ಪಶುವೈದ್ಯರಿಗೆ ಕಲಿಸಲು ಬಿಡುವಿಲ್ಲ, ಕೆಲವರಿಗೆ ಆಸಕ್ತಿಯೂ ಇಲ್ಲ. ರಕ್ತ ಪರೀಕ್ಷೆ ಮಾಡಿಸದೆ ಅಂದಾಜಿನ ಮೇಲೆ ಆಂಟಿಬಯೋಟಿಕ್ ಕೊಡುವ ಅಭ್ಯಾಸವನ್ನೇ ವಿದ್ಯಾರ್ಥಿ ಕಲಿತು ಬರಬಹುದು. ಹಾಜರಾತಿಗೆ ಸಹಿ ಹಾಕಿಸಿಕೊಂಡು ಮನೆಯಲ್ಲಿ ಕುಳಿತವರೂ ಇರಬಹುದು. ನಾಯಿ, ಬೆಕ್ಕುಗಳ ಕೇಸು, ಶಸ್ತ್ರಚಿಕಿತ್ಸೆ ಇಲ್ಲಿ ಕಡಿಮೆ. ಬೆಂಗಳೂರಿನಲ್ಲಿ ಬೆಳೆದ ವಿದ್ಯಾರ್ಥಿಗೆ ಸ್ವಂತ ತಾಲ್ಲೂಕು ಎಂಬುದೇ ಅಷ್ಟಾಗಿ ಪ್ರಯೋಜನಕ್ಕೆ ಬಾರದು. ಅವರನ್ನು ಕಾಲೇಜಿನ ಸರದಿಗೆ ಉಳಿಸಿಕೊಳ್ಳಬೇಕು.

ಈ ಕೊರತೆಗಳನ್ನು ತಡೆಯುವ ಉಪಾಯಗಳಿವೆ, ಆದರೆ ಮೊದಲೇ ಮಾಡಿಟ್ಟಿರಬೇಕು. ವಿಶ್ವವಿದ್ಯಾಲಯ ಮತ್ತು ಪಶುಸಂಗೋಪನಾ ಇಲಾಖೆಯ ನಡುವೆ ಲಿಖಿತ ಒಪ್ಪಂದವಿರಬೇಕು. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ ಪ್ರಕಾರ ವೃತ್ತಿ ನಡೆಸುವ ಹಕ್ಕು ನೋಂದಾಯಿತ ಪಶುವೈದ್ಯರದು. ಆದ್ದರಿಂದ ವಿದ್ಯಾರ್ಥಿ ಯಾವುದನ್ನು ಅವರು ಎದುರಿಗಿದ್ದಾಗ ಮಾತ್ರ ಮಾಡಬಹುದು, ಯಾವುದನ್ನು ನೋಡಲಷ್ಟೇ ಬಹುದು ಎಂದು ಒಂದು ಪುಟದಲ್ಲಿ ಬರೆದು ಇಬ್ಬರಿಗೂ ಕೊಡಬೇಕು. ರೇಬೀಸ್ ಮುನ್ನೆಚ್ಚರಿಕೆಯ ಲಸಿಕೆ ಹಾಕಿಸದ ವಿದ್ಯಾರ್ಥಿಯನ್ನು ಯಾವ ಆಸ್ಪತ್ರೆಗೂ ಕಳುಹಿಸಕೂಡದು, ಏಕೆಂದರೆ ಹುಚ್ಚು ನಾಯಿ ಕಚ್ಚಿದ ಹಸು ಜೊಲ್ಲು ಸುರಿಸುತ್ತಾ ನಿಂತಾಗ ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಬಾಯೊಳಗೆ ಕೈಹಾಕುವ ತಪ್ಪು ಹೊಸಬರಿಂದಲೇ ಆಗುವುದು. ವಾರಕ್ಕೊಂದು ಸಂಜೆ ಕಾಲೇಜಿನ ಬೋಧಕರು ನಾಲ್ಕೈದು ವಿದ್ಯಾರ್ಥಿಗಳನ್ನು ಕರೆಯಲ್ಲಿ ಸೇರಿಸಿ, ಆ ವಾರ ನೋಡಿದ ಒಂದು ಕೇಸನ್ನು ಬಿಡಿಸಿ ಕೇಳಬೇಕು: ಏನು ಕೊಟ್ಟರು, ಏಕೆ ಕೊಟ್ಟರು, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಅಂದಾಜಿನ ಚಿಕಿತ್ಸೆ ರೂಢಿಯಾಗುವುದನ್ನು ತಡೆಯುವುದು ಈ ಸಂಜೆಯ ಪ್ರಶ್ನೆಗಳೇ. ಸ್ಥಳೀಯ ಪಶುವೈದ್ಯರಿಗೆ ಗೌರವಧನವೋ ಸೇವಾ ಪುಸ್ತಕದಲ್ಲಿ ದಾಖಲಾಗುವ ಬೋಧನಾ ಮಾನ್ಯತೆಯೋ ಸಿಗಬೇಕು. ಪುಕ್ಕಟೆಯಾಗಿ ಕಲಿಸಿ ಎಂದು ಕೇಳುವುದು ಬಹಳ ಕಾಲ ನಡೆಯುವುದಿಲ್ಲ.

ಯಾರಿಗೆ ಯಾವುದು

ಮೂರನೆಯ ವರ್ಷದವರಿಗೆ ಆನ್‌ಲೈನ್ ಚರ್ಚೆ ಮತ್ತು ಮನೆಗೆ ಕಳುಹಿಸಿದ ಕಿಟ್ ಎರಡೂ ಸೇರಿದರೆ ಒಂದು ಅವಧಿಯ ಮಟ್ಟಿಗೆ ಸಾಕು. ಅವರ ಮುಂದೆ ಇನ್ನೂ ಸಮಯವಿದೆ. ನಾಲ್ಕನೆಯ ವರ್ಷದವರಿಗೆ ಕಾಲೇಜಿನ ಸರದಿ ಮೊದಲ ಆಯ್ಕೆಯಾಗಬೇಕು, ಏಕೆಂದರೆ ಸರಿಯಾದ ಕ್ರಮವನ್ನು ಒಮ್ಮೆಯಾದರೂ ಬೋಧಕರ ಎದುರು ಕಲಿಯದೆ ಹೊರಗೆ ಹೋದವರಿಗೆ ತಾವು ನೋಡುತ್ತಿರುವುದು ಸರಿಯೋ ತಪ್ಪೋ ತಿಳಿಯುವುದಿಲ್ಲ. ಇಂಟರ್ನ್‌ಗಳನ್ನು ಆದಷ್ಟು ಬೇಗ ತಾಲ್ಲೂಕುಗಳಿಗೆ ಕಳುಹಿಸಿ, ಅಲ್ಲಿ ಸಿಗದ ಶಸ್ತ್ರಚಿಕಿತ್ಸೆ ಮತ್ತು ನಾಯಿ ಬೆಕ್ಕುಗಳ ಕೇಸುಗಳಿಗಾಗಿ ಎರಡು ಮೂರು ವಾರ ಮಾತ್ರ ಕಾಲೇಜಿಗೆ ಕರೆಸಬೇಕು. ಬೋಧಕರು ಕಡಿಮೆಯಿರುವ ಕಾಲೇಜುಗಳು ನಾಲ್ಕನೆಯ ವರ್ಷದವರಿಗಾಗಿ ತಮ್ಮ ಶಕ್ತಿಯನ್ನು ಉಳಿಸಿಕೊಳ್ಳಲು ಇದೊಂದೇ ಉಪಾಯ.

ರೋಗ ಪ್ರಾಣಿಗಳಿಂದಲೇ ಬಂದರೆ

ಇಲ್ಲಿಯವರೆಗಿನ ಹೋಲಿಕೆ ಕೋವಿಡ್‌ನಂಥ ರೋಗಕ್ಕೆ ಮಾತ್ರ ಅನ್ವಯಿಸುತ್ತದೆ. ಅದರಲ್ಲಿ ಅಪಾಯ ಮನುಷ್ಯರಿಂದ ಮನುಷ್ಯರಿಗೆ; ನೆದರ್‌ಲ್ಯಾಂಡ್ಸ್ ಮತ್ತು ಡೆನ್ಮಾರ್ಕ್‌ನಲ್ಲಿ ತುಪ್ಪಳಕ್ಕಾಗಿ ಸಾಕುವ ಮಿಂಕ್ ಪ್ರಾಣಿಗಳ ಫಾರ್ಮ್‌ಗಳಲ್ಲಿ, ಹೈದರಾಬಾದಿನ ಮೃಗಾಲಯದ ಎಂಟು ಸಿಂಹಗಳಲ್ಲಿ ಸೋಂಕು ಕಂಡಿತಾದರೂ ದನ, ಎಮ್ಮೆ, ಕುರಿಗಳು ನಮ್ಮ ವಿದ್ಯಾರ್ಥಿಗಳಿಗೆ ಸೋಂಕಿನ ಮೂಲವಾಗಿರಲಿಲ್ಲ. ಆದರೆ ಲಾಕ್‌ಡೌನ್‌ಗೆ ಕೆಲವೇ ದಿನ ಮೊದಲು, 2020ರ ಮಾರ್ಚ್‌ನಲ್ಲಿಯೇ, ಮೈಸೂರಿನಲ್ಲಿ ಹಕ್ಕಿ ಜ್ವರ ದೃಢಪಟ್ಟಿತ್ತು. ಅದೇ ವರ್ಷ ಜಾನುವಾರುಗಳ ಚರ್ಮಗಂಟು ರೋಗವೂ ರಾಜ್ಯದಲ್ಲಿ ಕಾಣಿಸಿಕೊಂಡಿತು. ಮುಂದಿನ ಸಾಂಕ್ರಾಮಿಕ ಹಕ್ಕಿ ಜ್ವರದ ಕುಟುಂಬದಿಂದಲೇ ಬಂದರೆ ಮೇಲಿನ ಶ್ರೇಣಿ ತಲೆಕೆಳಗಾಗುತ್ತದೆ.

ಆಗ ಅತ್ಯುತ್ತಮವೆಂದ ತಾಲ್ಲೂಕು ನಿಯೋಜನೆಯೇ ಅತ್ಯಂತ ಅಪಾಯಕಾರಿ. ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ, ಒಂದು ಕೋಳಿ ಫಾರ್ಮಿನಿಂದ ಮತ್ತೊಂದಕ್ಕೆ ಹೋಗುವ ವಿದ್ಯಾರ್ಥಿಯ ಬೂಟು, ಹಗ್ಗ, ಬೈಕಿನ ಚಕ್ರಗಳೇ ರೋಗವನ್ನು ಹೊತ್ತೊಯ್ಯುತ್ತವೆ. ವಿದ್ಯಾರ್ಥಿಯ ಜೀವಕ್ಕೂ ಅಪಾಯವಿರುತ್ತದೆ. 2001ರಲ್ಲಿ ಬ್ರಿಟನ್ನಿನಲ್ಲಿ ಕಾಲುಬಾಯಿ ಜ್ವರ ಹರಡಿ 60 ಲಕ್ಷಕ್ಕೂ ಹೆಚ್ಚು ಜಾನುವಾರುಗಳನ್ನು ಕೊಲ್ಲಬೇಕಾಗಿ ಬಂದಾಗ ಫಾರ್ಮುಗಳ ಬಾಗಿಲೇ ಹೊರಗಿನವರಿಗೆ ಮುಚ್ಚಿತ್ತು. ಇಂಥ ಕಾಲದಲ್ಲಿ ಕಾಲೇಜಿನ ಸ್ವಂತ ಡೇರಿ ಮತ್ತು ಕುರಿ ಘಟಕದ ಆರೋಗ್ಯವಂತ ಪ್ರಾಣಿಗಳ ಮೇಲೆ, ಹೊರಗಿನ ಪ್ರಾಣಿಗಳನ್ನು ಒಳಗೆ ಬಿಡದೆ, ಅಲ್ಲಿಯೇ ಉಳಿಯುವ ಗುಂಪಿಗೆ ತರಬೇತಿ ಕೊಡುವುದೇ ಸರಿ. ಮಾದರಿಗಳ ಬೆಲೆ ಆಗ ಇನ್ನೂ ಹೆಚ್ಚುತ್ತದೆ. ಅಂತಿಮ ವರ್ಷದವರನ್ನು ರೋಗ ನಿಯಂತ್ರಣದ ಕೆಲಸಕ್ಕೆ ಬಳಸಿಕೊಳ್ಳುವುದಾದರೆ ಪಿಪಿಇ ತೊಡುವುದು, ಕಳಚುವುದು, ಪರೀಕ್ಷೆಗೆ ಸ್ಯಾಂಪಲ್ ಸಂಗ್ರಹಿಸುವುದು ಇವುಗಳನ್ನು ಮೊದಲೇ ಕಲಿಸಿರಬೇಕು, ಮತ್ತು ಆ ಕೆಲಸ ಕಡ್ಡಾಯವಾಗಿರಕೂಡದು.

ಮೌಲ್ಯಮಾಪನ

ಯಾವ ದಾರಿ ಹಿಡಿದರೂ ಕೊನೆಯಲ್ಲಿ ಅಳೆಯುವ ಕ್ರಮ ಅದಕ್ಕೆ ಹೊಂದಬೇಕು. ಆನ್‌ಲೈನ್ ಕಲಿಕೆಯನ್ನು ಮೌಖಿಕ ಕೇಸ್ ಪರೀಕ್ಷೆಯಿಂದ ಚೆನ್ನಾಗಿಯೇ ಅಳೆಯಬಹುದು. ಕೈಕೆಲಸಕ್ಕೆ ನಿಗದಿತ ಸಮಯದ ಹಲವು ಮೇಜುಗಳ ಪ್ರಾಯೋಗಿಕ ಪರೀಕ್ಷೆ ಸೂಕ್ತ. ಒಂದು ಮೇಜಿಗೆ ಒಬ್ಬರೇ ನಿಲ್ಲುವುದರಿಂದ ಅಂತರ ಕಾಯುವುದೂ ಸುಲಭ. ಮೂರನೆಯ ಪಟ್ಟಿಯ ಕೆಲಸಗಳಿಗೆ ಮಾತ್ರ ಪ್ರಾಣಿಯ ಮೇಲೆ ಮಾಡಿದ್ದನ್ನು ನೋಡಿದ ನೋಂದಾಯಿತ ಪಶುವೈದ್ಯರ ಸಹಿಯೇ ಪುರಾವೆ. ಲಾಗ್‌ಬುಕ್ಕಿನಲ್ಲಿ ನೋಡಿದ್ದು, ಸಹಾಯ ಮಾಡಿದ್ದು, ಮೇಲ್ವಿಚಾರಣೆಯಲ್ಲಿ ಸ್ವತಃ ಮಾಡಿದ್ದು ಎಂಬ ಮೂರು ಕಲಂಗಳಿರಬೇಕು, ಮತ್ತು ಮೂರನೆಯ ಕಲಂ ಖಾಲಿಯಿದ್ದರೆ ಖಾಲಿಯಾಗಿಯೇ ಬಿಡಬೇಕು.

ಖಾಲಿ ಉಳಿದ ಕಲಂಗಳನ್ನು ಮುಚ್ಚಿಡುವ ಒತ್ತಡ ಎಲ್ಲ ಕಡೆಯಿಂದಲೂ ಬರುತ್ತದೆ. ಅದರ ಬದಲು ಪದವಿಯ ಜೊತೆಗೆ ಪ್ರತಿಯೊಬ್ಬರ ಬಾಕಿ ಕೆಲಸಗಳ ಪಟ್ಟಿಯೊಂದನ್ನು ಕೊಟ್ಟು, ಕೆಲಸಕ್ಕೆ ಸೇರಿದ ಮೊದಲ ಆರು ತಿಂಗಳಲ್ಲಿ ಹಿರಿಯ ಪಶುವೈದ್ಯರೊಬ್ಬರ ಜೊತೆಯಲ್ಲಿ ಅವುಗಳನ್ನು ಪೂರೈಸಲು ಇಲಾಖೆ, ಒಕ್ಕೂಟಗಳು ಅವಕಾಶ ಮಾಡಿಕೊಡಬಹುದು. ಕಷ್ಟದ ಹೆರಿಗೆಯನ್ನು ಸ್ವತಃ ಮಾಡಿಸದ ಪದವೀಧರರನ್ನು ಒಬ್ಬರೇ ವೈದ್ಯರಿರುವ ಹೋಬಳಿ ಚಿಕಿತ್ಸಾಲಯಕ್ಕೆ ಮೊದಲ ನೇಮಕಾತಿಯಲ್ಲಿಯೇ ಕಳುಹಿಸದೆ ತಾಲ್ಲೂಕು ಆಸ್ಪತ್ರೆಯಲ್ಲಿ ಇರಿಸಿಕೊಳ್ಳಲು ಆ ಪಟ್ಟಿಯೇ ಆಧಾರವಾಗುತ್ತದೆ.